ವಿಭೂತಿ ನೋಡಿ ಟಿವಿ ಆರಿಸಿದ ಈರಭದ್ರಪ್ಪ

ಬೀರೂರಿನ ಈರಭದ್ರಪ್ಪನವರು ನೋಡಿ ಹೂಂ ಅನ್ನದೆ ಆ ಸುತ್ತಿನ ಊರುಗಳಲ್ಲಿ ಯಾರೂ ಟಿವಿ ಕೊಳ್ಳುತ್ತಿರಲಿಲ್ಲ ಎಂದರೆ ನೀವು ನಗಬಹುದು. ನಗಿ, ಬೇಡ ಅನ್ನುವುದಿಲ್ಲ. ಆದರೆ ಹೆಣ್ಣು ನೋಡಲು ಹೋಗುವವರು ಮನೆಯ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಹೋಗುವ ಹಾಗೆ ಸಿಂಗಟಗೆರೆಯವರು, ದೇವನೂರಿನವರು, ಅಜ್ಜಂಪುರದವರು, ಅಷ್ಟೇಕೆ ತರೀಕೆರೆಯವರು ಕೂಡ ಅವರನ್ನು ಮುಂದಿಟ್ಟುಕೊಂಡೇ ಕಡೂರಿನಲ್ಲಿ ಹೊನ್ನೇಶನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಟಿವಿ ಅಂದರೆ ಏನು ಕಡಿಮೆ ಸಾಮಾನೇ? ಹತ್ತು ವರ್ಷ ಮನೆಮಂದಿಯೆಲ್ಲ ದಿನಾ ಕಣ್ಣು ನೆಟ್ಟು ಕೂರುವ ವಸ್ತು. ಅದನ್ನು ಆರಿಸುವ ಕಣ್ಣು ಈರಭದ್ರಪ್ಪನವರಿಗಿದೆ ಎಂದು ಜನ ನಂಬಿದ್ದರು. ಜನಕ್ಕಿಂತ ಹೆಚ್ಚಾಗಿ ಅವರೇ ನಂಬಿದ್ದರು.

ಆ ನಂಬಿಕೆ ಪುಕ್ಕಟೆ ಬಂದದ್ದಲ್ಲ. ಮೀಸೆ ಬರುವ ವಯಸ್ಸಿಗೇ ರೇಡಿಯೋ ಬಿಚ್ಚಿ ಜೋಡಿಸಲು ಕಲಿತವರು. ಊರಿಗೆ ಟಿವಿ ಬಂದಾಗ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಿದವರು. ಮೇಲಿಂದ ಅವರು ‘ಬಂತಾ?’ ಅನ್ನಬೇಕು, ಒಳಗಿನವರು ‘ಬಂತು, ಬಂತು, ಹೋಯ್ತು’ ಅನ್ನಬೇಕು. ಹಾಗೆ ಬೀರೂರಿನ ಅರ್ಧ ಮನೆಗಳಿಗೆ ಚಿತ್ರ ತರಿಸಿದ ಮನುಷ್ಯ. ಸ್ಟೇಷನ್ ರಸ್ತೆಯಲ್ಲಿ ಅವರ ರಿಪೇರಿ ಅಂಗಡಿ ಮೂವತ್ತು ವರ್ಷ ನಡೆಯಿತು. ಆಮೇಲೆ ಗೋಡೆಗೆ ನೇತುಹಾಕುವ ತೆಳ್ಳನೆಯ ಟಿವಿಗಳು ಬಂದವು. ಅವುಗಳ ಪ್ಯಾನೆಲ್ ಹೋದರೆ ರಿಪೇರಿಯ ಮಾತೇ ಇಲ್ಲ, ಎತ್ತಿಟ್ಟು ಹೊಸದು ತರುವುದೇ. ಅಂಗಡಿ ಮುಚ್ಚಿದ ಮೇಲೆ ಈರಭದ್ರಪ್ಪನವರು ಆರು ತಿಂಗಳು ಜಗಲಿಯ ಮೇಲೆ ಕೂತರು ನೋಡಿ, ಒಂದು ಮಾತಿಲ್ಲ, ಕತೆಯಿಲ್ಲ. ಹೆಂಡತಿ ಸಾವಿತ್ರಮ್ಮ ತಟ್ಟೆ ಇಟ್ಟರೆ ಉಣ್ಣುವರು, ಇಡುವುದು ತಡವಾದರೆ ಕೇಳುವರಲ್ಲ. ಇವರು ನನ್ನ ಕೈ ಬಿಟ್ಟು ಹೋಗುತ್ತಾರೇನೋ ಎಂದು ಆಕೆ ಒಳಗೊಳಗೇ ನಡುಗಿಹೋಗಿದ್ದರು.

ಆಗ ಹಳೆಯ ಗಿರಾಕಿಯೊಬ್ಬರು ಬಂದು, ಅಂಗಡಿಯಲ್ಲಿ ಹತ್ತು ಕಂಪನಿಯ ಟಿವಿ ಇಟ್ಟುಕೊಂಡು ಹತ್ತೂ ಒಳ್ಳೆಯದೇ ಅನ್ನುತ್ತಾರೆ, ನೀವು ಒಂಚೂರು ಬಂದು ನೋಡಿಕೊಡಿ ಎಂದು ಕರೆದುಕೊಂಡು ಹೋದರು. ಆ ದಿನ ಮನೆಗೆ ಬಂದ ಈರಭದ್ರಪ್ಪ ತಾವಾಗಿಯೇ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡರು. ಅಲ್ಲಿಂದ ಶುರುವಾಯಿತು ಟಿವಿ ಆರಿಸುವ ಕೆಲಸ. ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಲೋಟ ಟೀ, ಬರುವಾಗ ಕೈಗೆ ಕೊಟ್ಟರೆ ಒಂದು ಜೊತೆ ತೆಂಗಿನಕಾಯಿ, ಅಷ್ಟೇ.

ಅವರು ಆರಿಸುವ ಕ್ರಮವೇ ಬೇರೆ. ಅಂಗಡಿಯಲ್ಲಿ ಹಾಕಿರುತ್ತಾರಲ್ಲ, ಗಿಳಿ, ಸಮುದ್ರ, ಹೆಚ್ಚಿದ ಕಲ್ಲಂಗಡಿ, ಆ ಚಿತ್ರಗಳನ್ನು ಮೊದಲು ನಿಲ್ಲಿಸಿ ಅನ್ನುವರು. ಅಂಥದ್ದನ್ನು ತೋರಿಸಿದರೆ ಎಂಥ ಡಬ್ಬ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ. ಮೂರು ಕಂಪನಿಯ ಟಿವಿಗಳನ್ನು ಸಾಲಾಗಿ ಇಡಿಸಿ, ಮೂರರಲ್ಲೂ ಯಾವುದಾದರೂ ಮಠದ ಸ್ವಾಮಿಗಳ ಪ್ರವಚನ ಹಾಕಿಸಿ, ಎಂಟು ಅಡಿ ದೂರದಲ್ಲಿ ಸ್ಟೂಲ್ ಮೇಲೆ ಕೂರುವರು. ನೋಡುವುದು ಸ್ವಾಮಿಗಳ ಹಣೆಯನ್ನು ಮಾತ್ರ. ವಿಭೂತಿಯ ಮೂರು ಗೆರೆ ಮೂರಾಗಿ ಕಾಣಬೇಕು, ಒಂದಕ್ಕೊಂದು ಕಲಸಿಹೋಗಬಾರದು. ವಿಭೂತಿ ಸುಣ್ಣದಂತೆ ಹೊಡೆಯಬಾರದು, ಅರಿಶಿನಕ್ಕೂ ತಿರುಗಬಾರದು. ಗೆರೆಯ ನಡುವಿನ ಚರ್ಮ ಮನುಷ್ಯರ ಚರ್ಮವಾಗಿರಬೇಕು. ಬಾಳೆಹೊನ್ನೂರು ಮಠಕ್ಕೂ ತರಳಬಾಳು ಮಠಕ್ಕೂ ನಡೆದುಕೊಳ್ಳುವ ಮನೆಗಳ ಊರಿನಲ್ಲಿ ವಿಭೂತಿಯ ಬಣ್ಣ ಯಾರಿಗೆ ಗೊತ್ತಿಲ್ಲ? ಯಾರೂ ಎದುರು ಮಾತಾಡುವಂತಿರಲಿಲ್ಲ. ಈಗಿನ ಹುಡುಗರು ಮಾತಾಡಿದರೆ ಕೇಳುವ ರಿಮೋಟು, ಇಂಟರ್ನೆಟ್ಟು, ಸಿನಿಮಾ ಆ್ಯಪು ಎಂದು ಬಾಯಿ ಬಿಟ್ಟರೆ, ‘ಟಿವಿ ನಿನ್ನ ಮಾತು ಕೇಳಾದಲ್ಲ ಕಣಪ್ಪ, ನೀನು ಅದನ್ನ ನೋಡಾದು’ ಎಂದು ಬಾಯಿ ಮುಚ್ಚಿಸುವರು. ಟಿವಿಯ ಜೊತೆ ಮನೆಯವರೆಗೂ ಹೋಗಿ, ಬೆಳಕು, ಬಣ್ಣ ಎಲ್ಲ ಕೈಯಾರೆ ಹೊಂದಿಸಿ, ಇದನ್ನು ಯಾರೂ ಮುಟ್ಟಕೂಡದು ಎಂದು ಎಚ್ಚರಿಕೆ ಕೊಟ್ಟೇ ಹಿಂದಿರುಗುವರು.

ಇಂಥ ಈರಭದ್ರಪ್ಪನವರಿಗೆ ಅರವತ್ತೇಳನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಬಲಗಣ್ಣಿಗೆ ಧೂಳು ಬಿತ್ತು. ಹೆಗಲ ಮೇಲಿನ ಟವೆಲಿನಿಂದ ಆ ಕಣ್ಣನ್ನು ಒತ್ತಿ ಹಿಡಿದರು. ಬಸ್ ಸ್ಟ್ಯಾಂಡೇ ಇಲ್ಲ. ಬಸ್ಸಿಲ್ಲ, ಜನವಿಲ್ಲ, ಬಿಸಿಲಿಲ್ಲ. ಕಂಡಕ್ಟರ್ ‘ಬೀರೂರು, ಬೀರೂರು’ ಎಂದು ಕೂಗುವುದು ಮಾತ್ರ ಕೇಳಿಸುತ್ತಿದೆ. ಟವೆಲ್ ತೆಗೆದರೆ ಎಲ್ಲ ಇದೆ, ಒತ್ತಿದರೆ ಏನೂ ಇಲ್ಲ. ನಾಲ್ಕು ಸಲ ತೆಗೆದು ಒತ್ತಿ ನೋಡಿದರು. ಎಡಗಣ್ಣು ಹೋಗಿತ್ತು, ಹೋಗಿ ಎಷ್ಟು ದಿನವಾಯಿತೋ ಅದೂ ಗೊತ್ತಿಲ್ಲ!

ಶಿವಮೊಗ್ಗದ ಡಾಕ್ಟರು ಪರೀಕ್ಷೆ ಮಾಡಿ, ಒತ್ತಡ ಏರಿ ಎಡಗಣ್ಣಿನ ನರ ಒಣಗಿದೆ, ಅದಕ್ಕೆ ಇನ್ನು ಮಾಡುವುದೇನೂ ಇಲ್ಲ, ಎರಡು ವರ್ಷ ಮುಂಚೆ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಬಲಗಣ್ಣಿಗೆ ಹಳದಿ ಪೊರೆ ದಪ್ಪಗೆ ಕಟ್ಟಿದೆ, ಅದನ್ನು ಆಪರೇಷನ್ ಮಾಡಿ ತೆಗೆಯೋಣ ಎಂದರು. ಇಷ್ಟು ಪೊರೆ ಇಟ್ಟುಕೊಂಡು ಹೇಗೆ ಓಡಾಡಿದಿರಿ ಎಂದೂ ಕೇಳಿದರು. ಈರಭದ್ರಪ್ಪನವರಿಗೆ ಅವಮಾನವಾಯಿತು. ಹೋದ ತಿಂಗಳು ತಾವು ಎರಡು ಟಿವಿ ಆರಿಸಿಕೊಟ್ಟದ್ದನ್ನು ಅವರಿಗೆ ಹೇಳಿದರು. ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸಾವಿತ್ರಮ್ಮನವರ ಮುಖ ಬಿಳಿಚಿಕೊಂಡಿತು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಲೋಕವೆಲ್ಲ ತೊಳೆದಿಟ್ಟ ಹಾಗಿತ್ತು. ಸಾಸಿವೆ ಬಣ್ಣದ್ದೆಂದು ತಿಳಿದಿದ್ದ ಹೆಂಡತಿಯ ಸೀರೆ ಕೆನೆ ಬಣ್ಣದ್ದು, ಅಂಚಿಗೆ ನೀಲಿ ಹೂವು ಬೇರೆ. ಮೂರು ವಾರ ಟಿವಿ ನೋಡಬಾರದೆಂದು ಹೇಳಿ ಕಳಿಸಿದ್ದರು. ಇಪ್ಪತ್ತೊಂದನೇ ದಿನ ಮುಗಿದ ಮರು ಬೆಳಿಗ್ಗೆ, ಸಾವಿತ್ರಮ್ಮ ಹಿತ್ತಿಲಲ್ಲಿದ್ದಾಗ, ಈರಭದ್ರಪ್ಪನವರು ತಾವೇ ಆರಿಸಿ ತಂದ ತಮ್ಮ ಮನೆಯ ಟಿವಿ ಹಾಕಿದರು. ಸ್ವಾಮಿಗಳ ಪ್ರವಚನ ಬರುತ್ತಿತ್ತು.

ಹಣೆ ನೀಲಿ. ವಿಭೂತಿಯಂತೂ ನೀಲಿ ಹೆಚ್ಚಾದ ಪಂಚೆಯ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ತುಟಿ ನೇರಳೆ. ಅಯ್ಯೋ ಶಿವನೇ, ಟಿವಿ ಕೆಟ್ಟಿತಲ್ಲ ಎಂದುಕೊಂಡು ಸೆಟ್ಟಿಂಗ್ ತೆರೆದರು. ಟಿವಿ ಕೆಟ್ಟಿರಲಿಲ್ಲ. ಬೆಳಕು ತುದಿಯವರೆಗೆ, ಬಣ್ಣ ತುದಿಯವರೆಗೆ, ನೀಲಿಗೆ ತಿರುಗಿಸುವ ತಂಪು ಛಾಯೆ ಇನ್ನು ಹೋಗಲು ಜಾಗವಿಲ್ಲದಷ್ಟು ಆ ತುದಿಗೆ. ಒಂದೊಂದು ಅಂಕಿಯೂ ಅವರದೇ. ತಮ್ಮ ಕಣ್ಣಿನ ಹಳದಿಗೆ ಸರಿಹೊಂದಲೆಂದು ಅವರ ಕೈ ಜಗತ್ತಿಗೆಲ್ಲ ನೀಲಿ ಬಳಿದಿತ್ತು. ಈರಭದ್ರಪ್ಪನವರು ಬೆರಳು ಮಡಿಸಿ ಎಣಿಸಿದರು. ಈ ಒಂದೇ ಮನೆಯೇ? ಎರಡು ವರ್ಷದಲ್ಲಿ ಆರಿಸಿಕೊಟ್ಟ ಟಿವಿಗಳು ನಲವತ್ತಕ್ಕೆ ಕಡಿಮೆಯಿಲ್ಲ. ನಲವತ್ತು ಮನೆಗಳಲ್ಲಿ ಜನ ನೀಲಿ ಮುಖಗಳನ್ನು ನೋಡುತ್ತ ಕೂತಿದ್ದಾರೆ, ಈರಭದ್ರಪ್ಪ ಹೇಳಿದ್ದಾರೆಂಬ ಒಂದೇ ಮಾತಿಗೆ.

ಮರುದಿನವೇ ಮನೆಮನೆಗೆ ಹೋಗಿ ಸರಿಮಾಡುತ್ತೇನೆ ಎಂದು ಹೊರಟರು. ಸಾವಿತ್ರಮ್ಮ, ಫೋನು ಮಾಡಿ ಹೇಳಿದರೆ ಅವರೇ ಮಾಡಿಕೊಳ್ಳುತ್ತಾರೆ, ಆಪರೇಷನ್ ಆದ ಕಣ್ಣು, ಬಸ್ಸು ರೈಲು ಯಾಕೆ ಎಂದರು. ಇವರು ಕೇಳಲಿಲ್ಲ. ಹಾಗಾದರೆ ಬರುತ್ತಿದ್ದೀರೆಂದು ನಾನಾದರೂ ಒಂದು ಮಾತು ಹೇಳಿಡುತ್ತೇನೆ ಎಂದರು. ಅದೂ ಬೇಡ ಎಂದರು. “ನನ್ನ ಕೈಯಾರೆ ಕೆಡಿಸಿದ್ದು ಕಣೇ. ನಾನೇ ಹೋಗಿ, ತಪ್ಪಾಯ್ತು ಅಂತ ಹೇಳಿ, ಸರಿ ಮಾಡಿ ಬತ್ತೀನಿ. ಎಲ್ಲರ ಮನೇದೂ ಆದ ಮೇಲೆ ನಮ್ಮನೇದು.” ತಮ್ಮ ಟಿವಿಯನ್ನು ನೀಲಿಯಾಗಿಯೇ ಬಿಟ್ಟು ಹೋದರು, ಅದೊಂದು ಶಿಕ್ಷೆ ತಮಗೆ ಇರಲಿ ಎಂದು.

ಮೊದಲು ಸಿಂಗಟಗೆರೆ. ಲಿಂಗಮ್ಮನ ಮನೆ. ಮಗಂದಿರು ತೋಟಕ್ಕೆ ಹೋಗಿದ್ದರು, ಆಕೆ ಒಬ್ಬರೇ ನಡುಮನೆಯಲ್ಲಿ ಧಾರಾವಾಹಿ ನೋಡುತ್ತಿದ್ದರು. ಈರಭದ್ರಪ್ಪ ಬಾಗಿಲಲ್ಲಿ ಆಪರೇಷನ್ನಿನ ಕರಿ ಕನ್ನಡಕ ತೆಗೆದು ಟಿವಿಯ ಕಡೆ ನೋಡಿದರು. ಹೆಂಗಸರ ಮುಖ ಹೆಂಗಸರ ಮುಖದ ಹಾಗೆಯೇ ಇತ್ತು, ಮಲ್ಲಿಗೆ ಮಲ್ಲಿಗೆಯ ಹಾಗೆಯೇ. ಇದೇನು ಎಂದು ಅಂದುಕೊಳ್ಳುವಷ್ಟರಲ್ಲಿ ಲಿಂಗಮ್ಮ ಇವರನ್ನು ಕಂಡು ಗಡಬಡಿಸಿ ಎದ್ದರು. ಬನ್ನಿ, ಕೂತ್ಕಳಿ ಎನ್ನುತ್ತ ರಿಮೋಟನ್ನು ಸೆರಗಿನ ಕೆಳಗೆ ಎಳೆದುಕೊಂಡರು. ಇವರ ಕಣ್ಣೆದುರಿಗೇ ಟಿವಿಯ ಹೆಂಗಸರು ನೀಲಿಯಾದರು.

ತಪ್ಪಾಯಿತು ಎನ್ನಲು ಬಂದವರು ಕೊಟ್ಟ ಮಜ್ಜಿಗೆ ಕುಡಿದರು. ಲಿಂಗಮ್ಮ ಆ ನೀಲಿ ಮುಖಗಳನ್ನು ತೋರಿಸುತ್ತ, ನೀವು ಆರಿಸಿಕೊಟ್ಟದ್ದು ಕಣ್ಣಿಗೆ ಹಬ್ಬ ಎಂದು ಹೊಗಳಿದರು. ಇವರು ತಲೆಯಾಡಿಸಿ ಎದ್ದು ಬಂದರು. ಬಸ್ಸಿನಲ್ಲಿ ಕಡೂರಿನವರೆಗೂ ಅದೇ ಚಿತ್ರ ಕಣ್ಣ ಮುಂದೆ. ಮುದುಕಿ ಯಾಕೆ ಹೀಗೆ ಮಾಡಿದಳು? ಮೊದಲು ಸಿಟ್ಟು ಬಂತು, ಹಿಂದೆಯೇ ನಾಚಿಕೆ, ಆಮೇಲೆ ಎರಡೂ ಕಲಸಿಕೊಂಡವು.

ಎರಡನೇ ದಿನ ರೈಲು ಹತ್ತಿ ತರೀಕೆರೆಗೆ ಹೋದರು. ಅಲ್ಲಿ ಕೃಷ್ಣಸ್ವಾಮಿಯವರ ಮನೆ. ನಿವೃತ್ತ ಮೇಷ್ಟ್ರು, ಸುಳ್ಳು ಹೇಳಿದ ಹುಡುಗರ ಕಿವಿಯನ್ನು ಮೂವತ್ತು ವರ್ಷ ಹಿಂಡಿದವರು. ವಿಭೂತಿಗೂ ಅವರ ಮನೆತನಕ್ಕೂ ಸಂಬಂಧವಿಲ್ಲದಿದ್ದರೂ ಆ ಪರೀಕ್ಷೆಯನ್ನು ಮೆಚ್ಚಿ ಟಿವಿ ಆರಿಸಿಕೊಂಡವರು. ಜಪಾನಿನ ಕಂಪನಿಯದೇ ಬೇಕೆಂದು ಅಂದು ಅಂಗಡಿಯಲ್ಲಿ ಪಟ್ಟು ಹಿಡಿದು ಕೂತಿದ್ದವರನ್ನು ಈರಭದ್ರಪ್ಪನವರೇ, ಅದು ಮಂಕು ಮೇಷ್ಟ್ರೇ ಎಂದು ತಿರುಗಿಸಿ ಹೊಸದೊಂದು ಕಂಪನಿಯದನ್ನು ಕೊಡಿಸಿದ್ದರು. ಈಗ ನಡುಮನೆಯಲ್ಲಿ ಟಿವಿ ಆಫ್ ಆಗಿತ್ತು. ಮೇಷ್ಟ್ರು ಕಾಫಿಗೆ ಹೇಳಲು ಒಳಗೆ ಹೋದಾಗ ಈರಭದ್ರಪ್ಪ ಹತ್ತಿರ ಹೋಗಿ ಬಗ್ಗಿ ನೋಡಿದರು. ಅಂಚು ತೆಳ್ಳಗಿದೆ, ಕಾಲುಗಳು ಬೇರೆ. ಕೆಳಗೆ ಕಂಪನಿಯ ಹೆಸರಿರುವ ಜಾಗಕ್ಕೆ ಕರೆಂಟಿನ ವಯರಿಗೆ ಸುತ್ತುವ ಕರಿ ಟೇಪು ಅಂಟಿಸಿದ್ದರು. ಅಂಟಿಸಿ ಬಹಳ ದಿನವಾಗಿರಬೇಕು, ತುದಿ ಮುದುರಿತ್ತು. ಉಗುರಿನಿಂದ ಒಂಚೂರು ಎಬ್ಬಿಸಿದರು. ಅದೇ ಜಪಾನಿನದು. ಇವರು ಕೊಡಿಸಿದ ಟಿವಿ ಆ ಮನೆಯಲ್ಲಿ ಇರಲೇ ಇಲ್ಲ!

ಅದರ ಮುಂದೆ ಕೂತು ಈರಭದ್ರಪ್ಪನವರು ಎರಡು ಸಲ ಕಾಫಿ ಕುಡಿದು ಹೋಗಿದ್ದಾರೆ, ಚಿತ್ರ ಎಷ್ಟು ಚೆನ್ನಾಗಿದೆ ನೋಡಿ, ನಾನು ಹೇಳಲಿಲ್ಲವೇ ಎಂದು ಬೀಗಿದ್ದಾರೆ. ಮೇಷ್ಟ್ರು ಹೌದು ಹೌದು ಎಂದಿದ್ದಾರೆ. ಟಿವಿಯನ್ನು ವಾಪಸು ತೆಗೆದುಕೊಂಡು ಬೇರೆ ಕೊಟ್ಟ ಹೊನ್ನೇಶನಿಗೂ ಗೊತ್ತು ಅಂತಾಯಿತು. ಟೇಪನ್ನು ಮೊದಲಿದ್ದ ಹಾಗೇ ಒತ್ತಿ ಅಂಟಿಸಿದರು. ಮೇಷ್ಟ್ರು ಬರುವ ಹೊತ್ತಿಗೆ ಚಪ್ಪಲಿ ಹಾಕಿಕೊಂಡಿದ್ದರು.

ಮೂರನೇ ದಿನ ಅಜ್ಜಂಪುರ. ಈ ಸಲ ಟಿವಿ ಸರಿಮಾಡಲು ಹೋಗಲಿಲ್ಲ, ಕೇಳಲು ಹೋದರು. ಓಂಕಾರೇಶ್ ಎಂಬ ಈರುಳ್ಳಿ ವ್ಯಾಪಾರಿ, ಅವನ ಹೆಂಡತಿ ಸುಮನಾ. ಟಿವಿ ಕೊಳ್ಳುವ ದಿನ ಅಂಗಡಿಯಲ್ಲಿ ಬಾಯಿ ಬಿಟ್ಟವಳು ಅವಳೊಬ್ಬಳೇ. ಸ್ವಾಮಿಗಳ ಹಣೆ ನೀಲಿ ಕಾಣುತ್ತದಲ್ಲ ಎಂದಿದ್ದಳು. ಹಾಗಾದರೆ ನೀವೇ ಆರಿಸಿಕೊಳ್ಳಿ ಎಂದು ಈರಭದ್ರಪ್ಪ ಟೀ ಬಿಟ್ಟು ಎದ್ದುಬಂದಿದ್ದರು. ಓಂಕಾರೇಶ್ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಓಡಿಬಂದು, ಹೆಂಗಸಿನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕೈಮುಗಿದು ಕರೆದೊಯ್ದಿದ್ದ. ಈಗ ಅವಳ ಎದುರಿಗೆ ಕೂತು, ಟಿವಿಯ ಕಡೆ ನೋಡದೆ, ಎಲ್ಲರೂ ಸೇರಿ ನನ್ನನ್ನು ಯಾಕಮ್ಮ ಹೀಗೆ ಆಟ ಆಡಿಸಿದಿರಿ ಎಂದು ಕೇಳಿದರು. ಓಂಕಾರೇಶ್ ಅದು ಇದು ಎಂದು ಮಾತು ತೇಲಿಸಿದ. ಸುಮನಾ ಬಿಡಲಿಲ್ಲ.

“ಆಟ ಅಲ್ಲ ಯಜಮಾನ್ರೇ,” ಅಂದಳು. “ನೀವು ಟಿವಿ ಇಟ್ಟು ಹೋದ ದಿನವೇ ಸಾವಿತ್ರಮ್ನೋರು ಫೋನ್ ಮಾಡಿದ್ರು. ಅವ್ರು ಬಂದಾಗ ಅವ್ರು ಇಟ್ಟಂಗೇ ಇಡಿ, ಹೋದ ಮೇಲೆ ನಿಮಗೆ ಬೇಕಾದಂಗೆ ನೋಡ್ಕಳಿ, ನಿಮ್ಮ ದಮ್ಮಯ್ಯ ಅಂದ್ರು. ನಮಗೊಬ್ಬರಿಗೇ ಅಲ್ಲ, ಎಲ್ಲರ ಮನೆಗೂ ಮಾಡವ್ರೆ.”

ಈರಭದ್ರಪ್ಪನವರು ಒಬ್ಬೊಬ್ಬರನ್ನೇ ಲೆಕ್ಕ ಹಾಕಿದರು. ಲಿಂಗಮ್ಮ ಸರಿ, ಮೇಷ್ಟ್ರು ಸರಿ, ಹೊನ್ನೇಶ ವ್ಯಾಪಾರಸ್ಥ, ಹೋಗಲಿ. ಸಾವಿತ್ರಿ? ನಲವತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದವಳು, ತಾನು ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಊರೂರಿಗೆ ಫೋನ್ ಮಾಡಿ, ಗಂಡನ ಕಣ್ಣನ್ನು ನಂಬಬೇಡಿ, ನಂಬಿದ ಹಾಗೆ ಮಾಡಿ ಅಂದಳೇ? ಸುಮನಾ ಊಟಕ್ಕೆ ಏಳಿ ಎಂದದ್ದು ಅವರಿಗೆ ಕೇಳಿಸಲಿಲ್ಲ. ರೈಲಿನಲ್ಲಿ ಕಿಟಕಿಯ ಪಕ್ಕ ಸೀಟಿದ್ದರೂ ಬೀರೂರಿನವರೆಗೆ ನಿಂತೇ ಬಂದರು. ಒಬ್ಬರು, ಒಬ್ಬರೇ ಒಬ್ಬರು, ಇದು ಕಾಯಿಲೆ ಎಂದು ಹೇಳಿದ್ದರೆ ಎಡಗಣ್ಣು ಇರುತ್ತಿತ್ತು. ಇಡೀ ಸೀಮೆಯೇ ಸೇರಿ ಮರ್ಯಾದೆ ಕೊಟ್ಟು ಕೊಟ್ಟು ತನ್ನ ಕಣ್ಣು ಕಳೆಯಿತು ಎಂದುಕೊಂಡರು.

ಮನೆ ಮುಟ್ಟಿದಾಗ ಸಂಜೆ. ಸಾವಿತ್ರಮ್ಮ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು, ಟಿವಿ ಆಫ್ ಆಗಿತ್ತು. ಅಜ್ಜಂಪುರದಿಂದ ಫೋನು ಬಂದಿರಬೇಕು, ಗಂಡನ ಮುಖವನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು. ಈರಭದ್ರಪ್ಪ ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು.

“ನನಗೊಂದು ಮಾತು ಹೇಳಬಾರದಾಗಿತ್ತೇನೇ?”

“ಹೇಳಿದ್ದೆ ಕಣ್ರೀ, ಟಿವಿ ನೀಲಿ ಕಾಣ್ತದೆ ಅಂತ. ಎರಡು ಸಲ ಹೇಳಿದ್ದೆ. ಮೊದಲ್ನೇ ಸಲ ನನ್ನ ಕಣ್ಣೇ ಸರಿ ಇಲ್ಲ ಅಂದ್ರಿ. ಎರಡನೇ ಸಲ ಹೇಳಿದಾಗ ಊಟ ಬಿಟ್ಟು ಎರಡು ದಿನ ಜಗಲಿ ಮೇಲೆ ಕೂತ್ರಿ. ಅಂಗಡಿ ಮುಚ್ಚಿದಾಗ ಕೂತಿದ್ರಲ್ಲ, ಹಂಗೇ. ನನಗೆ ಜೀವ ಹೋದಂಗಾಯ್ತು.”

ಎರಡು ದಿನ ಊಟ ಬಿಟ್ಟದ್ದು ಅವರಿಗೆ ನೆನಪಿತ್ತು. ಯಾಕೆ ಬಿಟ್ಟಿದ್ದೆ ಎಂಬುದು ನೆನಪಿರಲಿಲ್ಲ.

“ಕಾಯಿಲೆ ಅಂತ ಹೊಳೀಲೇ ಇಲ್ಲ,” ಎಂದರು ಸಾವಿತ್ರಮ್ಮ. “ನಿಮ್ಮ ಹಠ ಅಂದ್ಕಂಡೆ. ಮದುವೆ ಆದಾಗಿಂದ ನೋಡ್ತಾ ಬಂದಿದ್ದೀನಲ್ಲ, ಇದೂ ಹಠಾನೇ ಅಂದ್ಕಂಡೆ ಕಣ್ರೀ. ಡಾಕ್ಟ್ರು ಎರಡು ವರ್ಷ ಅಂದಾಗಿಂದ ನನಗೆ ನಿದ್ದೆ ಇಲ್ಲ.” ಅವರ ಕಣ್ಣೀರು ಮೊರದೊಳಕ್ಕೆ ಬಿತ್ತು.

ಈರಭದ್ರಪ್ಪನವರ ಸಿಟ್ಟು ಹೋಗಿ ಕೂರಲು ಜಾಗವಿಲ್ಲದೆ ಅವರ ಎದೆಗೇ ವಾಪಸು ಬಂತು. ಲಿಂಗಮ್ಮ ಅದನ್ನು ಹಠ ಎಂದುಕೊಂಡಳು, ಮೇಷ್ಟ್ರು ಹಠ ಎಂದುಕೊಂಡರು, ಇವಳೂ ಹಠ ಎಂದುಕೊಂಡಳು. ನಲವತ್ತು ಮನೆಯವರೂ ಕುರುಡನನ್ನು ಕಂಡು ಹಠಮಾರಿ ಎಂದುಕೊಂಡರೆಂದರೆ, ಅಷ್ಟರಮಟ್ಟಿಗೆ ತಾನು ಅವರನ್ನೆಲ್ಲ ಪಳಗಿಸಿಟ್ಟಿದ್ದೆ ಎಂದಾಯಿತು. ಯಾರನ್ನು ಬೈಯುವುದು? ಕೈಗೆಟುಕುವಂತಿದ್ದ ರಿಮೋಟನ್ನು ತೆಗೆದು ಹೆಂಡತಿಯ ಮುಂದೆ ಹಿಡಿದರು.

“ತಗಾ. ನಿನಗೆ ಹೆಂಗೆ ಬೇಕೋ ಹಂಗೆ ಇಡು.”

ಸಾವಿತ್ರಮ್ಮ ರಿಮೋಟ್ ತೆಗೆದುಕೊಂಡು ಟಿವಿ ಹಾಕಿದರು. ವಾರ್ತೆ ಓದುವವಳು ನೀಲಿ ಮುಖ ಹೊತ್ತು ಬಂದಳು. ಎಲ್ಲಿ ಒತ್ತಬೇಕೆಂದು ತೋರಿಸಿಕೊಡಲು ಈರಭದ್ರಪ್ಪನವರು ಕೈ ಮುಂದೆ ಚಾಚಿದರು. ಬೇಕಾಗಲಿಲ್ಲ. ಆಕೆ ಎಡಗೈಯಲ್ಲಿ ಸೆರಗು ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು, ರಿಮೋಟಿನ ಕಡೆ ನೋಡಲೂ ಇಲ್ಲ. ಬಲಗೈಯ ಹೆಬ್ಬೆರಳು ತಾನಾಗಿಯೇ ಹೋಯಿತು, ಒಂದು ಸಲ ಮೇಲೆ, ಎರಡು ಸಲ ಕೆಳಗೆ, ಒಂದು ಸಲ ಬಲಕ್ಕೆ, ನಡುವಿನ ಗುಂಡಿ. ಮುಖ ಮನುಷ್ಯರ ಮುಖವಾಯಿತು. ದಿನಕ್ಕೆಷ್ಟು ಸಲ ಮಾಡಿದರೆ ಬೆರಳಿಗೆ ಹೀಗೆ ದಾರಿ ಗೊತ್ತಾಗುತ್ತದೆ ಎಂದು ಈರಭದ್ರಪ್ಪ ಆ ಬೆರಳನ್ನೇ ನೋಡಿದರು.

ಚಿತ್ರ ಸರಿಯಾದ ಕೂಡಲೇ ಸಾವಿತ್ರಮ್ಮ ತಟ್ಟನೆ ತಿರುಗಿ, ಗಂಡ ಬಂದರೇನೋ ಎಂದು ಬಾಗಿಲ ಕಡೆ ನೋಡಿದರು. ಅವರು ಪಕ್ಕದಲ್ಲೇ ಕೂತಿದ್ದರು.